ಮುದ್ದೆ ಬಿಟ್ಟು ಮಾಂಸಕ್ಕೆ ಬಂದ ಮೇಲೂ ಬೆಳಗಿನ ಶುಗರ್ ಏಕೆ ಇಳಿಯುತ್ತಿಲ್ಲ?

ಕಬ್ಬಿನಗದ್ದೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತೆಂಟು ವರ್ಷ, ಊರು ಮಂಡ್ಯದ ಹತ್ತಿರ. ಕೆಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ಮೆಟ್‌ಫಾರ್ಮಿನ್ ಮತ್ತು ಡಾಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೇನೆ. ಈ ವರ್ಷದ ಆರಂಭದಲ್ಲಿ ಮುದ್ದೆ, ಅನ್ನ, ರೊಟ್ಟಿ, ಕಾಳು, ಬೇಳೆ ಎಲ್ಲವನ್ನೂ ನಿಲ್ಲಿಸಿದೆ. ಈಗ ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ನಾಟಿಕೋಳಿ ಅಥವಾ ಮಟನ್, ರಾತ್ರಿ ಮೀನು ಇಲ್ಲವೇ ಮತ್ತೆ ಮಟನ್, ಜೊತೆಗೆ ತುಪ್ಪ, ಇಷ್ಟೇ ನನ್ನ ಊಟ.

ತೂಕ ಇಳಿದಿದೆ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 8.1 ಇದ್ದದ್ದು 6.7 ಆಗಿದೆ. ಊಟವಾಗಿ ಎರಡು ಗಂಟೆಗೆ ನೋಡಿದರೆ 220ರ ಮೇಲೆ ಇರುತ್ತಿದ್ದ ಶುಗರ್ ಈಗ 130ರ ಆಸುಪಾಸಿನಲ್ಲಿದೆ. ಆದರೆ ಬೆಳಿಗ್ಗೆ ಖಾಲಿ ಹೊಟ್ಟೆಯದು ಮಾತ್ರ 125ರಿಂದ 135ರ ಕೆಳಗೆ ಇಳಿಯುವುದೇ ಇಲ್ಲ. ರಾತ್ರಿ ಒಂದು ತುತ್ತು ಅನ್ನವನ್ನೂ ಮುಟ್ಟದಿರುವಾಗ ಈ ಸಕ್ಕರೆ ಎಲ್ಲಿಂದ ಬರುತ್ತಿದೆ? ಮಾಂಸವೇ ಸಕ್ಕರೆಯಾಗುತ್ತದೆ ಎಂದು ನೆಂಟರೊಬ್ಬರು ಹೇಳುತ್ತಾರೆ. ಮಾಂಸದಿಂದ ಶುಗರ್ ಏರುವುದೇ ಇಲ್ಲ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತಿದೆ. ಮೊನ್ನೆ ಬೀಗರೂಟದಲ್ಲಿ ಒಂದೇ ಒಂದು ಮುದ್ದೆ ತಿಂದೆ, ಶುಗರ್ 260 ದಾಟಿತು. ಮೊದಲು ದಿನವೂ ಮುದ್ದೆ ಉಣ್ಣುತ್ತಿದ್ದಾಗ ಕೂಡ ಅಷ್ಟು ಏರುತ್ತಿರಲಿಲ್ಲ. ಕಾಯಿಲೆ ಗುಣವಾಗುತ್ತಿದೆಯೋ, ಒಳಗೊಳಗೇ ಹೆಚ್ಚುತ್ತಿದೆಯೋ ತಿಳಿಯುತ್ತಿಲ್ಲ. ಎಲ್‌ಡಿಎಲ್ (ಕೆಟ್ಟ) ಕೊಲೆಸ್ಟ್ರಾಲ್ 112ರಿಂದ 171ಕ್ಕೆ ಏರಿದೆ ಎಂಬುದನ್ನೂ ತಿಳಿಸುತ್ತಿದ್ದೇನೆ. ಬಲ್ಲವರು ದಯವಿಟ್ಟು ವಿವರಿಸಬೇಕು.

ತಾಲ್ಲೂಕು ವೈದ್ಯ

ನೀವು ಕೇಳಿದ್ದಕ್ಕೆ ಉತ್ತರಿಸುವ ಮೊದಲು ನಿಮ್ಮ ಮಾತ್ರೆಯ ವಿಷಯ ಹೇಳಲೇಬೇಕು, ಏಕೆಂದರೆ ಬೆಳಗಿನ ಶುಗರ್‌ಗಿಂತ ಅದು ತುರ್ತಿನದು. ನಿಮ್ಮ ಊಟ ಬದಲಾಗಿರುವುದು ಡಾಪಾಗ್ಲಿಫ್ಲೋಜಿನ್ ಬರೆದುಕೊಟ್ಟ ವೈದ್ಯರಿಗೆ ಗೊತ್ತಿದೆಯೇ?

ಈ ಮಾತ್ರೆ ರಕ್ತದಲ್ಲಿರುವ ಗ್ಲುಕೋಸನ್ನು ಮೂತ್ರಪಿಂಡದ ಮೂಲಕ ಹೊರಕ್ಕೆ ಹಾಕಿಸುತ್ತದೆ. ಗ್ಲುಕೋಸ್ ಕಡಿಮೆಯಾದಂತೆ ದೇಹದಲ್ಲಿ ಇನ್ಸುಲಿನ್ ಇಳಿಯುತ್ತದೆ, ಅದಕ್ಕೆ ವಿರುದ್ಧವಾಗಿ ಶುಗರ್ ಏರಿಸುವ ಹಾರ್ಮೋನಾದ ಗ್ಲುಕಗಾನ್ ಏರುತ್ತದೆ, ಯಕೃತ್ತು ಕೊಬ್ಬನ್ನು ಒಡೆದು ಕೀಟೋನ್ ಎಂಬ ಬದಲಿ ಇಂಧನವನ್ನು ತಯಾರಿಸತೊಡಗುತ್ತದೆ. ಪಿಷ್ಟವನ್ನು ಪೂರ್ತಿ ಬಿಟ್ಟ ಊಟವೂ ಮಾಡುವುದು ಇದನ್ನೇ. ಎರಡೂ ಒಟ್ಟಾದಾಗ ಕೀಟೋನ್ ಮಿತಿ ಮೀರಿ ರಕ್ತ ಆಮ್ಲೀಯವಾಗುವ ಅಪಾಯವಿದೆ. ಇದಕ್ಕೆ ಕೀಟೋ ಆಸಿಡೋಸಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ಈ ಸ್ಥಿತಿಯಲ್ಲಿ ಶುಗರ್ 400, 500 ಇರುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಆದರೆ ಈ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮೀಟರ್ 180 ತೋರಿಸುತ್ತಿರುವಾಗಲೇ ಅದು ಬರಬಹುದು. ರೋಗಿಯೂ ಮನೆಯವರೂ ‘ಶುಗರ್ ಸರಿಯಾಗಿದೆ, ಗ್ಯಾಸ್ಟ್ರಿಕ್ ಇರಬೇಕು’ ಎಂದುಕೊಂಡು ಅಮೂಲ್ಯವಾದ ಹೊತ್ತನ್ನು ಕಳೆಯುತ್ತಾರೆ.

ಆದ್ದರಿಂದ ನಿಮ್ಮ ವೈದ್ಯರನ್ನು ಇವತ್ತೇ ಸಂಪರ್ಕಿಸಿ, ಊಟದ ವಿವರವನ್ನು ಒಂದೂ ಬಿಡದೆ ಹೇಳಿ, ಈ ಮಾತ್ರೆ ಮುಂದುವರಿಸಬೇಕೇ ಎಂದು ಕೇಳಿ. ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ಏದುಸಿರು ಇವುಗಳಲ್ಲಿ ಯಾವುದೇ ಕಾಣಿಸಿದರೂ ಮೀಟರ್ ಏನನ್ನೇ ತೋರಿಸಲಿ, ಆಸ್ಪತ್ರೆಗೆ ಹೋಗಿ ‘ನಾನು ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದೇನೆ, ಕೀಟೋನ್ ಪರೀಕ್ಷೆ ಮಾಡಿ’ ಎಂದು ಬಾಯಿಬಿಟ್ಟು ಹೇಳಬೇಕು. ಜ್ವರ ಬಂದು ಊಟ ಸೇರದ ದಿನ, ವಾಂತಿಭೇದಿಯಾದ ದಿನ ಈ ಮಾತ್ರೆಯನ್ನು ನುಂಗಬಾರದು. ಬಿಸಿಲಿನಲ್ಲಿ ಗದ್ದೆ ಕೆಲಸ ಮಾಡುವವರು ನೀರು, ಉಪ್ಪಿನ ವಿಷಯದಲ್ಲೂ ಎಚ್ಚರದಿಂದಿರಬೇಕು, ಏಕೆಂದರೆ ಪಿಷ್ಟ ಬಿಟ್ಟಾಗ ದೇಹ ನೀರನ್ನೂ ಉಪ್ಪನ್ನೂ ಹೆಚ್ಚಾಗಿ ಹೊರಹಾಕುತ್ತದೆ, ಮಾತ್ರೆಯೂ ಅದನ್ನೇ ಮಾಡುತ್ತದೆ.

ಇದನ್ನು ಓದುತ್ತಿರುವ ಉಳಿದವರಿಗೂ ಒಂದು ಮಾತು. ಇನ್ಸುಲಿನ್ ಹೆಚ್ಚು ಸುರಿಸುವ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮಾತ್ರೆಗಳನ್ನು ಅಥವಾ ಇನ್ಸುಲಿನ್ನನ್ನೇ ಬಳಸುವವರು ಇದ್ದಕ್ಕಿದ್ದಂತೆ ಅನ್ನ ಮುದ್ದೆ ಬಿಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೊದಲು ಔಷಧಿಯ ಪ್ರಮಾಣ ಹೊಂದಿಸಿಕೊಂಡು, ಆಮೇಲೆ ಊಟವನ್ನು ಬದಲಿಸಬೇಕು.

ಪ್ರಯೋಗಶಾಲೆ (ಜೀವರಸಾಯನಶಾಸ್ತ್ರದ ಅಧ್ಯಾಪಕ)

ಮೇಲಿನ ವೈದ್ಯರ ಮಾತಿಗೆ ಮೊದಲ ಮನ್ನಣೆ ಇರಲಿ. ಬೆಳಗಿನ ಶುಗರ್ ಮತ್ತು ಬೀಗರೂಟದ ಮುದ್ದೆ, ಈ ಎರಡು ವಿಷಯಗಳನ್ನು ನಾನು ವಿವರಿಸಲು ಯತ್ನಿಸುತ್ತೇನೆ.

ಖಾಲಿ ಹೊಟ್ಟೆಯ ಸಕ್ಕರೆ ರಾತ್ರಿ ತಟ್ಟೆಯಿಂದ ಬಂದದ್ದಲ್ಲ, ಯಕೃತ್ತಿನಿಂದ ಬಂದದ್ದು. ಕೆಂಪು ರಕ್ತಕಣಗಳಿಗೆ ಗ್ಲುಕೋಸ್ ಬಿಟ್ಟರೆ ಬೇರೆ ಇಂಧನವಿಲ್ಲ, ಮೆದುಳಿಗೂ ಅದು ಸ್ವಲ್ಪವಾದರೂ ಬೇಕೇ ಬೇಕು. ಆದ್ದರಿಂದ ನಾವು ಏನನ್ನೂ ತಿನ್ನದಿದ್ದರೂ ಯಕೃತ್ತು ರಾತ್ರಿಯಿಡೀ ಗ್ಲುಕೋಸನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಅಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟಿರುವುದು ಹೆಚ್ಚೆಂದರೆ ಸುಮಾರು 100 ಗ್ರಾಂ. ಪಿಷ್ಟವಿಲ್ಲದ ಊಟದಲ್ಲಿ ಆ ದಾಸ್ತಾನು ಸದಾ ಕಡಿಮೆಯೇ ಇರುವುದರಿಂದ, ಯಕೃತ್ತು ಮಾಂಸದ ಪ್ರೋಟೀನಿನ ಅಮೈನೋ ಆಮ್ಲಗಳಿಂದ, ಕೊಬ್ಬಿನ ಗ್ಲಿಸರಾಲ್‌ನಿಂದ, ಸ್ನಾಯುಗಳಿಂದ ಬರುವ ಲ್ಯಾಕ್ಟೇಟ್‌ನಿಂದ ಹೊಸ ಗ್ಲುಕೋಸ್ ತಯಾರಿಸುತ್ತದೆ. ನಿಮ್ಮ ನೆಂಟರ ಮಾತಿನಲ್ಲಿ ಇಷ್ಟರಮಟ್ಟಿಗೆ ಹುರುಳಿದೆ. ಆದರೆ ಒಂದು ತಟ್ಟೆ ಕೋಳಿ ತಿಂದರೆ ಒಂದು ತಟ್ಟೆ ಅನ್ನದಷ್ಟು ಸಕ್ಕರೆ ಏರುತ್ತದೆ ಎಂದು ಅದರ ಅರ್ಥವಲ್ಲ. ಪ್ರೋಟೀನ್ ಇನ್ಸುಲಿನ್ ಮತ್ತು ಗ್ಲುಕಗಾನ್ ಎರಡನ್ನೂ ಒಟ್ಟಿಗೆ ಎಬ್ಬಿಸುವುದರಿಂದ ಊಟದ ನಂತರದ ಏರಿಕೆ ಅಲ್ಪವಾಗಿರುತ್ತದೆ. ಮಧುಮೇಹಿಗಳಲ್ಲಿ ಗ್ಲುಕಗಾನಿನ ಕೈ ಮೇಲಾಗಿರುತ್ತದೆ, ಯಕೃತ್ತು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಜೊತೆಗೆ ಬೆಳಗಿನ ಜಾವ ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನುಗಳು ಏರುತ್ತವೆ. ಹಾಗಾಗಿ ಎಲ್ಲಕ್ಕಿಂತ ಕೊನೆಗೆ ಇಳಿಯುವುದು ಬೆಳಗಿನ ಶುಗರೇ.

ಬೀಗರೂಟದ 260ಕ್ಕೆ ಕಾರಣ ಬೇರೆ. ದೀರ್ಘಕಾಲ ಕೊಬ್ಬನ್ನೇ ಮುಖ್ಯ ಇಂಧನವಾಗಿ ಬಳಸಿದ ಸ್ನಾಯುಗಳು ಗ್ಲುಕೋಸನ್ನು ಒಳಗೆ ಬಿಟ್ಟುಕೊಳ್ಳುವುದನ್ನು ಕಡಿಮೆ ಮಾಡುತ್ತವೆ, ಮೇದೋಜೀರಕ ಗ್ರಂಥಿಯೂ ಇನ್ಸುಲಿನ್ನನ್ನು ಥಟ್ಟನೆ ಸುರಿಸುವ ಅಭ್ಯಾಸವನ್ನು ಸಡಿಲಿಸುತ್ತದೆ. ಇದು ಹೊಸ ಸಂಗತಿಯೇನಲ್ಲ. ಆರ್ಕ್ಟಿಕ್ ಪ್ರದೇಶದಲ್ಲಿ ಇನ್ಯುಯಿಟ್ ಜನರ ನಡುವೆ ಬದುಕಿ ಬಂದ ಅನ್ವೇಷಕ ವಿಲ್ಯಲ್ಮರ್ ಸ್ಟೆಫಾನ್ಸನ್, ತನ್ನ ಸಂಗಾತಿ ಕಾರ್ಸ್ಟೆನ್ ಆಂಡರ್ಸನ್ ಜೊತೆಗೂಡಿ, 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ನಿಗಾದಲ್ಲಿ ಒಂದು ವರ್ಷ ಬರೀ ಮಾಂಸ ತಿನ್ನಲು ಒಪ್ಪಿಕೊಂಡ. ಅವರ ಶಕ್ತಿಯ ಮುಕ್ಕಾಲು ಪಾಲು ಬಂದದ್ದು ಕೊಬ್ಬಿನಿಂದ. ಆರಂಭದಲ್ಲಿ ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಟ್ಟಾಗ ಸ್ಟೆಫಾನ್ಸನ್ ಭೇದಿಯಾಗಿ ಮಲಗಿದ್ದ. ವರ್ಷ ಮುಗಿದ ಮೇಲೆ ಗ್ಲುಕೋಸ್ ಕುಡಿಸಿ ಪರೀಕ್ಷಿಸಿದರೆ, ಮಧುಮೇಹವೇ ಇಲ್ಲದ ಆ ಇಬ್ಬರಲ್ಲೂ ಅದನ್ನು ತಾಳಿಕೊಳ್ಳುವ ಶಕ್ತಿ ಕುಗ್ಗಿತ್ತು. ಮಿಶ್ರ ಆಹಾರಕ್ಕೆ ಮರಳಿದ ಬಳಿಕ ಸರಿಹೋಯಿತು. ಗ್ಲುಕೋಸ್ ಟಾಲರೆನ್ಸ್ ಪರೀಕ್ಷೆಗೆ ಹೋಗುವವರು ಹಿಂದಿನ ಮೂರು ದಿನ ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬೊಹೈಡ್ರೇಟ್ ತಿಂದಿರಬೇಕು ಎಂಬ ನಿಯಮ ಇರುವುದೂ ಇದೇ ಕಾರಣಕ್ಕೆ.

ಹೀಗಾಗಿ ಒಂದು ಮುದ್ದೆಗೆ 260 ಬಂತೆಂದ ಮಾತ್ರಕ್ಕೆ ಕಾಯಿಲೆ ಹೆಚ್ಚಿದೆ ಎಂದು ಹೆದರಬೇಕಾಗಿಲ್ಲ. ಆದರೆ ಇದರ ಇನ್ನೊಂದು ಮುಖವನ್ನು ನಾನು ಒತ್ತಿ ಹೇಳಬಯಸುತ್ತೇನೆ: ಪಿಷ್ಟವನ್ನೇ ಕೊಡದಿದ್ದಾಗ ಮೀಟರಿನ ಅಂಕಿ ಇಳಿಯುವುದು ಬೇರೆ, ಪಿಷ್ಟವನ್ನು ನಿಭಾಯಿಸುವ ಶಕ್ತಿ ದೇಹಕ್ಕೆ ಮರಳುವುದು ಬೇರೆ. ಮೊದಲನೆಯದು ನಿಮಗೆ ಸಿಕ್ಕಿದೆ, ಅದು ಸಣ್ಣ ಲಾಭವಲ್ಲ. ಎರಡನೆಯದು ಬಹುಮಟ್ಟಿಗೆ ಯಕೃತ್ತಿನಲ್ಲಿ ಮತ್ತು ಮೇದೋಜೀರಕದಲ್ಲಿ ತುಂಬಿದ ಕೊಬ್ಬು ಕರಗುವುದನ್ನು ಅವಲಂಬಿಸಿದೆ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಡೈರೆಕ್ಟ್ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 850 ಕ್ಯಾಲರಿಯ ಆಹಾರದಿಂದ ತೂಕ ಇಳಿಸಿಕೊಂಡ ಗುಂಪಿನಲ್ಲಿ 46 ಶೇಕಡಾ ಜನರ ಮಧುಮೇಹ ಒಂದು ವರ್ಷದ ಕೊನೆಗೆ ಔಷಧಿಯಿಲ್ಲದೆ ಹತೋಟಿಗೆ ಬಂದಿತ್ತು. 15 ಕಿಲೋ ಅಥವಾ ಹೆಚ್ಚು ಇಳಿದವರಲ್ಲಿ ಆ ಪ್ರಮಾಣ 86 ಶೇಕಡಾ. ಆ ಆಹಾರ ಮಾಂಸವಾಗಿರಲಿಲ್ಲ, ಕಾರ್ಬೊಹೈಡ್ರೇಟ್ ಇದ್ದ ಸೂಪು ಮತ್ತು ಶೇಕ್‌ಗಳಾಗಿದ್ದವು.

ತಟ್ಟೆಯಲೆಕ್ಕ (ಪಥ್ಯತಜ್ಞೆ, ಮೈಸೂರು)

ಹಿರಿಯರಿಬ್ಬರೂ ಮುಖ್ಯವಾದುದನ್ನು ಹೇಳಿದ್ದಾರೆ. ನನ್ನ ಚಿಂತೆ ಇರುವುದು ನಿಮ್ಮ 171ರ ಎಲ್‌ಡಿಎಲ್ ಬಗ್ಗೆ. ಮಧುಮೇಹಿಗಳ ಪ್ರಾಣಕ್ಕೆ ಹೆಚ್ಚಾಗಿ ಎರವಾಗುವುದು ಹೃದಯದ ಕಾಯಿಲೆ, ನಮ್ಮ ಜನರಲ್ಲಿ ಅದು ಬೇಗನೆ ಬರುತ್ತದೆ. ಎಚ್‌ಬಿಎ1ಸಿ ಇಳಿಯಿತೆಂಬ ಸಂತೋಷದಲ್ಲಿ ಈ ಅಂಕಿಯನ್ನು ಕಡೆಗಣಿಸಬಾರದು. ನಲವತ್ತು ದಾಟಿದ ಮಧುಮೇಹಿಗೆ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬೇಕೇ ಎಂಬುದನ್ನು ವೈದ್ಯರು ಹೇಗೂ ಯೋಚಿಸುತ್ತಾರೆ. ಈ ವರದಿಯನ್ನು ಅವರಿಗೆ ತೋರಿಸಿ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ಟೋಫರ್ ಗಾರ್ಡ್ನರ್ ತಂಡ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಉಪಯುಕ್ತ. ಮಧುಮೇಹ ಅಥವಾ ಅದರ ಹೊಸ್ತಿಲಲ್ಲಿದ್ದವರಿಗೆ ಒಂದಷ್ಟು ವಾರ ಕೀಟೋ ಆಹಾರ (ಪಿಷ್ಟ ತೀರಾ ಕಡಿಮೆ, ಕೊಬ್ಬು ಹೆಚ್ಚು), ಒಂದಷ್ಟು ವಾರ ಕಾಳು, ಹಣ್ಣು, ಇಡಿಧಾನ್ಯಗಳಿರುವ ಮೆಡಿಟರೇನಿಯನ್ ಆಹಾರ ಕೊಟ್ಟರು. ಎರಡರಲ್ಲೂ ಮೈದಾ ಮತ್ತು ಸಕ್ಕರೆಯನ್ನು ಬಿಡಬೇಕಿತ್ತು, ಸೊಪ್ಪು ತರಕಾರಿ ಹೆಚ್ಚಾಗಿ ತಿನ್ನಬೇಕಿತ್ತು. ಎಚ್‌ಬಿಎ1ಸಿ ಎರಡರಲ್ಲೂ ಸರಿಸುಮಾರು ಒಂದೇ ಮಟ್ಟಕ್ಕೆ ಇಳಿಯಿತು. ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ಕೀಟೋದಲ್ಲಿ ಹೆಚ್ಚು ಇಳಿಯಿತು, ಆದರೆ ಎಲ್‌ಡಿಎಲ್ ಕೀಟೋದಲ್ಲಿ ಏರಿತು, ಇನ್ನೊಂದರಲ್ಲಿ ಇಳಿಯಿತು. ಭಾಗವಹಿಸಿದವರ ಸಂಖ್ಯೆ ಸಣ್ಣದು, ಅದನ್ನು ಮರೆಯಬಾರದು. ಆದರೂ ಕಾಳನ್ನೂ ಸೊಪ್ಪನ್ನೂ ಬಿಟ್ಟದ್ದರಿಂದ ನಿಮಗೆ ಹೆಚ್ಚಿನ ಲಾಭವೇನೂ ಆಗಿಲ್ಲ ಎಂದೇ ನನ್ನ ನಂಬಿಕೆ.

ನಮ್ಮ ಊಟದಲ್ಲಿ ಪಿಷ್ಟ ಅತಿಯಾಗಿದೆ ಎಂಬುದು ಮಾತ್ರ ನಿಜ. ಐಸಿಎಂಆರ್-ಇಂಡಿಯಾಬ್ ಎಂಬ ರಾಷ್ಟ್ರವ್ಯಾಪಿ ಮಧುಮೇಹ ಅಧ್ಯಯನದ 2022ರ ಲೆಕ್ಕಾಚಾರದ ಪ್ರಕಾರ, ಹೊಸದಾಗಿ ಮಧುಮೇಹ ಪತ್ತೆಯಾದವರು ಕಾರ್ಬೊಹೈಡ್ರೇಟನ್ನು ಒಟ್ಟು ಶಕ್ತಿಯ 49ರಿಂದ 54 ಶೇಕಡಾಕ್ಕೆ ಇಳಿಸಿ, ಪ್ರೋಟೀನನ್ನು 19–20 ಶೇಕಡಾಕ್ಕೆ ಏರಿಸಿದರೆ ಹತೋಟಿ ಸಾಧ್ಯ. ಸೊನ್ನೆಗೆ ಇಳಿಸಬೇಕೆಂದು ಅದು ಹೇಳುವುದಿಲ್ಲ. ರಾಗಿ ಒಳ್ಳೆಯದು ಎಂದು ನಮ್ಮ ಕಡೆ ಎರಡು ದೊಡ್ಡ ಮುದ್ದೆ ಉಣ್ಣುತ್ತಾರೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 67 ಗ್ರಾಂ ಕಾರ್ಬೊಹೈಡ್ರೇಟ್ ಇದೆ, ಪ್ರೋಟೀನ್ ಇರುವುದು 7 ಗ್ರಾಂ ಮಾತ್ರ. ರಾಗಿಯಲ್ಲಿ ನಾರು, ಸುಣ್ಣದಂಶ ಚೆನ್ನಾಗಿವೆ, ಅದಕ್ಕೆ ನನ್ನ ಗೌರವವಿದೆ. ಆದರೆ ಅಳತೆ ಮೀರಿದರೆ ಅದೂ ಶುಗರ್ ಏರಿಸುತ್ತದೆ.

ನನ್ನ ಸಲಹೆ ಹೀಗಿದೆ. ಮೊದಲು ಸೊಪ್ಪನ್ನೂ ತರಕಾರಿಯನ್ನೂ ತಟ್ಟೆಗೆ ಮರಳಿ ತನ್ನಿ: ಬಸ್ಸಾರಿನ ಪಲ್ಯ, ಹೀರೇಕಾಯಿ, ಹುರುಳಿಕಾಯಿ. ಆಮೇಲೆ ಒಂದು ಬಟ್ಟಲು ಹುರುಳಿಕಾಳು ಅಥವಾ ಅವರೆಕಾಳು. ಮಟನ್ ವಾರಕ್ಕೆ ಒಂದೆರಡು ಸಲ ಸಾಕು; ಉಳಿದ ದಿನ ಚರ್ಮ ತೆಗೆದ ಕೋಳಿ, ಮೀನು, ಮೊಟ್ಟೆ. ತುಪ್ಪ ಚಮಚದ ಲೆಕ್ಕಕ್ಕೆ ಬರಲಿ. ಇಷ್ಟಕ್ಕೆ ಶುಗರ್ ಹೊಂದಿಕೊಂಡ ಮೇಲೆ, ನಿಂಬೆ ಗಾತ್ರಕ್ಕಿಂತ ತುಸು ದೊಡ್ಡದಾದ ಮುದ್ದೆಯಿಂದ ಆರಂಭಿಸಿ, ಮೊದಲು ಪಲ್ಯ ಮತ್ತು ಕೋಳಿ ತಿಂದು, ಮುದ್ದೆಯನ್ನು ಕೊನೆಗೆ ಉಣ್ಣಿ. ಹೀಗೆ ಕ್ರಮ ಬದಲಿಸಿದರೂ ಊಟದ ನಂತರದ ಏರಿಕೆ ತಗ್ಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಮೂತ್ರದಲ್ಲಿ ಆಲ್ಬುಮಿನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸದಿದ್ದರೆ ಮಾಡಿಸಿ. ಮೂತ್ರಪಿಂಡಕ್ಕೆ ತೊಂದರೆ ಇದ್ದರೆ ಪ್ರೋಟೀನಿನ ಲೆಕ್ಕವೇ ಬದಲಾಗುತ್ತದೆ.

ಕಬ್ಬಿನಗದ್ದೆ

ಮೂವರಿಗೂ ಕೈಮುಗಿದು ಧನ್ಯವಾದ ಹೇಳುತ್ತೇನೆ. ವೈದ್ಯರನ್ನು ಕಂಡೆ. ಊಟ ಬದಲಾಗಿರುವುದು ಅವರಿಗೆ ಗೊತ್ತಿರಲಿಲ್ಲ. ಡಾಪಾಗ್ಲಿಫ್ಲೋಜಿನ್ ನಿಲ್ಲಿಸಿದ್ದಾರೆ, ಕೊಲೆಸ್ಟ್ರಾಲ್‌ಗೆ ಮಾತ್ರೆ ಬರೆದಿದ್ದಾರೆ. ಬೇಳೆಕಾಳು ತಿಂದರೆ ಶುಗರ್ ಎಷ್ಟು ಏರಿದರೆ ಸರಿ ಎಂಬುದೊಂದನ್ನು ಹೇಳಿದರೆ ಉಪಕಾರವಾಗುತ್ತದೆ.

ತಟ್ಟೆಯಲೆಕ್ಕ

ಊಟ ಆರಂಭಿಸಿ ಎರಡು ಗಂಟೆಗೆ 180ರ ಒಳಗಿದ್ದರೆ ನೆಮ್ಮದಿಯಿಂದ ಮುಂದುವರಿಸಿ. ಮೊದಲ ಕೆಲವು ದಿನ ತುಸು ಹೆಚ್ಚು ತೋರಿಸಿದರೆ ಗಾಬರಿಯಾಗಬೇಡಿ, ಅಧ್ಯಾಪಕರು ಹೇಳಿದಂತೆ ದೇಹಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ಊಟಕ್ಕೆ ಮೊದಲು ಮತ್ತು ನಂತರ ನೋಡಿದ ಅಂಕಿಗಳನ್ನು, ಅವತ್ತು ತಿಂದದ್ದರ ಎದುರಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಮುಂದಿನ ಭೇಟಿಗೆ ಅದನ್ನು ಒಯ್ಯಿರಿ. ಎಲ್‌ಡಿಎಲ್ ಪರೀಕ್ಷೆಯನ್ನು ಯಾವಾಗ ಮತ್ತೆ ಮಾಡಿಸಬೇಕೆಂದು ಆಗಲೇ ಕೇಳಿಕೊಳ್ಳಿ.