ಮೈಟರ್ ಸಾನಲ್ಲಿ ಪಿವಿಸಿ ಪೈಪ್ ಕತ್ತರಿಸುವಾಗ ತುಂಡು ಎಗರಿತು, ಈಗ ಗಾರ್ಡ್ ಮುಚ್ಚುತ್ತಿಲ್ಲ

ಪ್ರಶ್ನೆ (ರಾಜಾಜಿನಗರದ ಸದಸ್ಯರು):
ನಮಸ್ಕಾರ ಸರ್. ತಾರಸಿಯ ತರಕಾರಿ ಕುಂಡಗಳಿಗೆ ಒಂದಿಂಚಿನ ಪಿವಿಸಿ ಪೈಪಿನಲ್ಲಿ ಸ್ಟ್ಯಾಂಡ್ ಮಾಡುತ್ತಿದ್ದೇನೆ. ಮಳೆನೀರನ್ನು ಸಂಪಿಗೆ ಇಳಿಸಲು ನಾಲ್ಕಿಂಚಿನ ಪೈಪನ್ನೂ ಕತ್ತರಿಸಬೇಕು. ಅದಕ್ಕೆಂದು 10 ಇಂಚಿನ ಸೆಕೆಂಡ್ ಹ್ಯಾಂಡ್ ಮೈಟರ್ ಸಾ (ಮೇಲಿಂದ ಬ್ಲೇಡ್ ಇಳಿಸಿ ಕತ್ತರಿಸುವ ಗರಗಸದ ಮಷಿನ್) ತಂದೆ. ನಿನ್ನೆ ಒಂದು ಚಿಕ್ಕ ತುಂಡು ಕತ್ತರಿಸುವಾಗ ಬ್ಲೇಡ್ ಪೈಪನ್ನು ಕೈಯಿಂದ ಕಿತ್ತುಕೊಂಡಿತು. ಚೂರು ಹೋಗಿ ಗೋಡೆಗೆ ಬಡಿಯಿತು. ಆಮೇಲಿಂದ ಬ್ಲೇಡನ್ನು ಮುಚ್ಚುವ ಗಾರ್ಡ್ ಅರ್ಧಕ್ಕೇ ನಿಲ್ಲುತ್ತಿದೆ. ಮೋಟರ್ ಒಳಗೆ ಕಿಡಿ, ಜೊತೆಗೆ ಸುಟ್ಟ ವಾಸನೆ. ಗಾರ್ಡನ್ನು ದಾರದಲ್ಲಿ ಮೇಲಕ್ಕೆ ಕಟ್ಟಿ ಉಳಿದ ಕೆಲಸ ಮುಗಿಸಿಬಿಡಲಾ?

ಉತ್ತರ (ಪವರ್ ಟೂಲ್ ರಿಪೇರಿಯವರು, ಪೀಣ್ಯ):
ಬೇಡ ಸರ್. ದಾರ ಕಟ್ಟಿದ ಮಷಿನ್‌ಗಳನ್ನು ಅಂಗಡಿಗೆ ತರುವವರ ಕೈಯಲ್ಲಿ ಬ್ಯಾಂಡೇಜ್ ಇರುತ್ತದೆ. ಮೊದಲು ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು.

ಈಗ ಬ್ಲೇಡಿನ ಹಲ್ಲು ನೋಡಿ. 24 ಅಥವಾ 40 ಹಲ್ಲಿದ್ದು ಮುಂದಕ್ಕೆ ಬಾಗಿದ್ದರೆ ಅದು ಮರದ ಬ್ಲೇಡ್. ಮರಕ್ಕೆ ಚೆನ್ನಾಗಿಯೇ ಇರುತ್ತದೆ. ಪೈಪಿನ ಗೋಡೆ ತೆಳು, ಒಳಗೆ ಟೊಳ್ಳು. ಒಂದೊಂದು ಹಲ್ಲೂ ದೊಡ್ಡ ತುತ್ತು ಕಚ್ಚಿ ಪೈಪನ್ನೇ ಎಳೆದುಕೊಳ್ಳುತ್ತದೆ. ಗುಂಡಗಿನ ವಸ್ತು ಬೇರೆ, ಉರುಳದೆ ಇರುತ್ತದಾ? ಪ್ಲಾಸ್ಟಿಕ್ಕಿಗೆ 80 ಅಥವಾ ಅದಕ್ಕಿಂತ ಜಾಸ್ತಿ ಹಲ್ಲು, ಅದೂ ತುಸು ಹಿಂದಕ್ಕೆ ವಾಲಿದ ಹಲ್ಲು ಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯ ಟೂಲ್ ಅಂಗಡಿಗಳಲ್ಲಿ ‘ಅಲ್ಯೂಮಿನಿಯಂ ಕಟಿಂಗ್ ಬ್ಲೇಡ್’ ಅಂತ ಕೇಳಿ. ಕಿಟಕಿ ಸೆಕ್ಷನ್ ಮಾಡುವವರು ಬಳಸುವುದು ಅದೇ. ನಡುವಿನ ತೂತು 25.4 ಮಿಮೀನಾ, 30 ಮಿಮೀನಾ ಅಂತ ಹಳೆಯದನ್ನು ಅಳೆದುಕೊಂಡು ಹೋಗಿ. ಬ್ಲೇಡಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ನಿಮ್ಮ ಮಷಿನ್ನಿನದ್ದಕ್ಕಿಂತ ಕಡಿಮೆ ಇರಬಾರದು. ಈಗಿರುವ ಬ್ಲೇಡಿನ ಒಂದು ಹಲ್ಲು ಹಾರಿದ್ದರೂ, ಎಲ್ಲಾದರೂ ಕೂದಲೆಳೆ ಬಿರುಕು ಕಂಡರೂ ಗುಜರಿಗೆ ಹಾಕಿ. ಅದಕ್ಕೆ ಸಾಣೆ ಹಿಡಿಸುವುದು ದಂಡ.

ಇನ್ನು ಪೈಪ್ ಹಿಡಿಯುವ ವಿಷಯ. ಎರಡು ಮರದ ರೀಪರ್ ಪಟ್ಟಿಗಳ ಅಂಚನ್ನು ಓರೆಯಾಗಿ ಸೀಳಿಸಿ, ಎದುರುಬದುರು ಒಂದು ಹಲಗೆಗೆ ಸ್ಕ್ರೂ ಹಾಕಿ. ನಡುವೆ ‘ವಿ’ ಆಕಾರದ ತೊಟ್ಟಿಲು ಆಗುತ್ತದೆ. ಸ್ಕ್ರೂ ಬ್ಲೇಡಿನ ದಾರಿಗೆ ಬರದಂತೆ ನೋಡಿಕೊಳ್ಳಿ. ಹಲಗೆಯನ್ನು ಫೆನ್ಸಿಗೆ (ಮಷಿನ್ನಿನ ಹಿಂಬದಿಯ ನೇರ ಪಟ್ಟಿಗೆ) ಕ್ಲಾಂಪ್ ಮಾಡಿ, ಪೈಪನ್ನು ಅದರೊಳಗೆ ಕೂರಿಸಿ ಮೇಲಿಂದ ಇನ್ನೊಂದು ಕ್ಲಾಂಪ್ ಬಿಗಿಯಿರಿ. ಕೈ ಬ್ಲೇಡಿನಿಂದ ಆರಿಂಚಾದರೂ ದೂರ ಇರಲಿ. ಚಿಕ್ಕ ತುಂಡು ಬೇಕಾದರೆ ಉದ್ದದ ಪೈಪನ್ನು ಕ್ಲಾಂಪ್ ಮಾಡಿ, ತುಂಡು ಆ ಕಡೆ ತಾನಾಗಿ ಬೀಳಲಿ. ಅದನ್ನು ಹಿಡಿಯಲು ಹೋಗಬೇಡಿ, ಅದಕ್ಕೆ ಏನನ್ನೂ ಆನಿಸಿ ಇಡಬೇಡಿ. ಸಿಕ್ಕಿಬಿದ್ದ ತುಂಡೇ ಎಗರುವುದು.

ಬ್ಲೇಡ್ ಪೂರ್ತಿ ವೇಗಕ್ಕೆ ಬಂದ ಮೇಲೆ ಇಳಿಸಿ. ಅವಸರವೂ ಬೇಡ, ಅಲ್ಲೇ ತಿಕ್ಕುತ್ತಾ ನಿಲ್ಲುವುದೂ ಬೇಡ. ನಿಂತರೆ ಪಿವಿಸಿ ಬಿಸಿಯಾಗಿ ಮೆತ್ತಗಾಗಿ ಹಲ್ಲಿಗೆ ಅಂಟುತ್ತದೆ. ಕತ್ತರಿಸಿ ಆದಮೇಲೆ ಸ್ವಿಚ್ ಬಿಡಿ. ಮಷಿನ್ನಿನ ತಲೆಯನ್ನು ಕೆಳಗೇ ಹಿಡಿದಿರಿ. ಬ್ಲೇಡ್ ನಿಂತ ಮೇಲೆ ಮಾತ್ರ ಎತ್ತಿ. ಇದನ್ನು ಹತ್ತರಲ್ಲಿ ಎಂಟು ಜನ ಮಾಡಲ್ಲ.

ರಿಪೇರಿಗೆ ಬರೋಣ. ಗಾರ್ಡ್ ತಿರುಗುವ ಕೀಲಿನ (ಪಿವಟ್) ಹತ್ತಿರ ಬಿಳಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಬ್ರಷ್ಷಿನಲ್ಲಿ ಉಜ್ಜಿ ತೆಗೆಯಿರಿ. ಎಣ್ಣೆ ಹಾಕಬೇಡಿ, ಪುಡಿ ಮತ್ತೆ ಮೆತ್ತಿಕೊಳ್ಳುತ್ತದೆ. ಆಗಲೂ ಪೂರ್ತಿ ಮುಚ್ಚದಿದ್ದರೆ ಸ್ಪ್ರಿಂಗ್ ಜಾರಿದೆ, ಇಲ್ಲವೇ ಗಾರ್ಡ್ ಸೊಟ್ಟಗಾಗಿದೆ. ಸೊಟ್ಟಗಾದ ಗಾರ್ಡನ್ನು ಬಡಿದು ನೇರ ಮಾಡಬೇಡಿ, ಹೊಸದು ಹಾಕಿಸಿ.

ಕಿಡಿಗೆ ಕಾರ್ಬನ್ ಬ್ರಷ್ ನೋಡಿ, ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಚಿಕ್ಕ ಕಪ್ಪು ತುಂಡು ಅದು. ಮೋಟರಿನ ಎರಡು ಪಕ್ಕದಲ್ಲಿ ಕಪ್ಪು ಮುಚ್ಚಳ ಇರುತ್ತದೆ, ಸ್ಕ್ರೂಡ್ರೈವರಿನಲ್ಲಿ ಬಿಚ್ಚಬಹುದು. ಬ್ರಷ್ 5–6 ಮಿಮೀಗೆ ಸವೆದಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ.

ಇನ್ನೊಂದು, ಎಕ್ಸ್‌ಟೆನ್ಷನ್ ಬಾಕ್ಸ್ ಮುಟ್ಟಿ ನೋಡಿ. 1,800 ವ್ಯಾಟ್ ಮಷಿನ್ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 8 ಆಂಪ್ ಎಳೆಯುತ್ತದೆ. 6 ಆಂಪ್ ಬಾಕ್ಸಿಗೆ ಹಾಕಿದ್ದರೆ ಸುಟ್ಟ ವಾಸನೆ ಅಲ್ಲಿಂದಲೇ ಬಂದಿರಬಹುದು.

ರಾಜಾಜಿನಗರದ ಸದಸ್ಯರು:
ಥ್ಯಾಂಕ್ಸ್ ಸರ್. ಬ್ಲೇಡಿನ ಬೋಲ್ಟ್ ಜಪ್ಪಯ್ಯ ಅಂದರೂ ಬಿಚ್ಚುತ್ತಿಲ್ಲ. ಸುತ್ತಿಗೆಯಲ್ಲಿ ಹೊಡೆಯಲಾ?

ಉತ್ತರ:
ಅಯ್ಯೋ, ಹೊಡೆಯಬೇಡಿ. ಸುಮಾರು ಮೈಟರ್ ಸಾಗಳಲ್ಲಿ ಅದು ಉಲ್ಟಾ ಥ್ರೆಡ್. ಬ್ಲೇಡ್ ತಿರುಗದಂತೆ ಹಿಡಿಯುವ ಸ್ಪಿಂಡಲ್ ಲಾಕ್ ಒತ್ತಿ ಹಿಡಿದು, ಗಡಿಯಾರದ ಮುಳ್ಳು ತಿರುಗುವ ಕಡೆಗೇ ಸ್ಪ್ಯಾನರ್ ತಿರುಗಿಸಿ. ಬೋಲ್ಟಿನ ಮೇಲೆ ಬಾಣದ ಗುರುತು ಇದ್ದರೂ ಇರುತ್ತದೆ, ಒರೆಸಿ ನೋಡಿ.

ಯಲಹಂಕದ ಸದಸ್ಯೆ:
ಅಣ್ಣಾ, ಗ್ಲೌಸ್ ಹಾಕಿಕೊಂಡು ಮಾಡಿದರೆ ಸೇಫ್ ಅಲ್ವಾ?

ಉತ್ತರ:
ಇಲ್ಲಮ್ಮಾ, ತಿರುಗುವ ಬ್ಲೇಡಿನ ಹತ್ತಿರ ಗ್ಲೌಸ್ ಬೇಡವೇ ಬೇಡ. ಎಳೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ದುಪಟ್ಟಾ, ಬಳೆ, ಬಿಟ್ಟ ಕೂದಲಿಗೂ ಅದೇ ಮಾತು. ಕಣ್ಣಿಗೆ ಕನ್ನಡಕ, ಕಿವಿಗೆ ಪ್ಲಗ್, ಮೂಗಿಗೆ ಮಾಸ್ಕ್ ಸಾಕು. ಬ್ಲೇಡ್ ಬದಲಿಸುವಾಗ ಮಾತ್ರ ಗ್ಲೌಸ್ ಹಾಕಿಕೊಳ್ಳಿ.

ಬನಶಂಕರಿಯ ಸದಸ್ಯರು (ಪ್ಲಂಬರ್):
ನನಗೆ ಕೇಳಿದರೆ ಇಷ್ಟಕ್ಕೆಲ್ಲ ಮಷಿನ್ನೇ ಜಾಸ್ತಿ ಆಯಿತು. ತಾರಸಿಯಲ್ಲಿ ಬಿಸಿಲು ತಿಂದ ಹಳೆ ಪೈಪ್ ಇದ್ದರಂತೂ ಇದಕ್ಕೆ ಕೊಡಲೇಬೇಡಿ, ಗಾಜಿನ ಥರ ಸಿಡಿಯುತ್ತದೆ. ಹ್ಯಾಕ್ಸಾ (ಕೈಗರಗಸ) ಸಾಕು.

ಉತ್ತರ:
ಹಳೆ ಪೈಪಿನ ಮಾತು ನೂರಕ್ಕೆ ನೂರು ನಿಜ. ಸ್ಟ್ಯಾಂಡಿಗೆ ಒಂದೇ ಅಳತೆಯ ತುಂಡು ರಾಶಿ ಬೇಕಲ್ವಾ, ಅಲ್ಲಿ ಮಷಿನ್ ಸರಿ. ನಾಲ್ಕಿಂಚಿನ ಪೈಪಿಗೆ ಮಾತ್ರ ಹ್ಯಾಕ್ಸಾನೇ ಹಿಡಿಯಿರಿ. ಅದರ ಹೊರ ಅಳತೆ 110 ಮಿಮೀ. ಸಾಮಾನ್ಯ 10 ಇಂಚಿನ ಮೈಟರ್ ಸಾ ಒಂದೇ ಸಲಕ್ಕೆ ಅದನ್ನು ದಾಟಲ್ಲ. ಪೈಪಿಗೆ ಒಂದು ಕಾಗದ ಸುತ್ತಿ, ಅಂಚಿಗೆ ಅಂಚು ಕೂಡಿಸಿ ಪೆನ್ಸಿಲ್ ಗೆರೆ ಎಳೆದರೆ ಕಟ್ ನೇರ ಬರುತ್ತದೆ. ಆಮೇಲೆ ಒಳಗೂ ಹೊರಗೂ ಅರ ಹಾಕಿ ಸಿಬಿರು ತೆಗೆಯಿರಿ. ಸಿಬಿರು ಉಳಿದರೆ ಪೈಪ್ ಅಂಟಿಸುವ ಸಾಲ್ವೆಂಟನ್ನೇ ಕೆರೆದು ತಳ್ಳುತ್ತದೆ, ಜಾಯಿಂಟ್ ಸೋರುತ್ತದೆ.

ರಾಜಾಜಿನಗರದ ಸದಸ್ಯರು:
ಬೋಲ್ಟ್ ಬಿಚ್ಚಿತು ಸರ್! ಗಾರ್ಡೂ ಸರಿಹೋಯಿತು, ಪುಡಿಯೇ ಕೂತಿತ್ತು. ಕಾರ್ಬನ್ ಬ್ರಷ್ ಒಂದು ಪೂರ್ತಿ ಸವೆದಿದೆ. ಹೊಸದು ಹಾಕಿದ ಮೇಲೂ ಕಿಡಿ ಬಂದರೆ?

ಉತ್ತರ:
ಸ್ವಲ್ಪ ಹೊತ್ತು ಪೈಪ್ ಇಲ್ಲದೆ ಖಾಲಿ ಓಡಿಸಿ. ಬ್ರಷ್ ಕೂರುವ ತನಕ ಸಣ್ಣ ನೀಲಿ ಕಿಡಿ ಬರುತ್ತದೆ, ತೊಂದರೆ ಇಲ್ಲ. ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಸುತ್ತ ಬೆಂಕಿಯ ಬಳೆ ತಿರುಗಿದ ಹಾಗೆ ಕಂಡರೆ ತಕ್ಷಣ ನಿಲ್ಲಿಸಿ. ಅದು ಆರ್ಮೇಚರ್ (ಮೋಟರಿನ ಒಳಗೆ ತಿರುಗುವ ಸುರುಳಿ) ಹೋಗಿರುವ ಲಕ್ಷಣ. ಸೆಕೆಂಡ್ ಹ್ಯಾಂಡ್ ಮಷಿನ್ನಿಗೆ ಹೊಸ ಆರ್ಮೇಚರ್ ಹಾಕಿಸುವ ಮೊದಲು ಅದರ ಬೆಲೆ ಕೇಳಿ. ಮಷಿನ್ನಿಗೆ ಕೊಟ್ಟದ್ದರ ಅರ್ಧ ದಾಟಿದರೆ ಬಿಟ್ಟುಬಿಡಿ.