ಸಂಖ್ಯಾಶಾಸ್ತ್ರದವರನ್ನು ಕೇಳಿ: ಹೈಸ್ಕೂಲ್ ಮಕ್ಕಳಿಗೆ ಪಿ-ವ್ಯಾಲ್ಯೂ ತಿಳಿಸುವುದು ಹೇಗೆ?

ಪ್ರಶ್ನೆ – ವಿಜ್ಞಾನ ಶಿಕ್ಷಕಿ, ಕುಮಟಾ ಕಡೆ

ಸರ್, ನಮಸ್ಕಾರ. ನಾನು ಒಂಬತ್ತು, ಹತ್ತನೇ ಕ್ಲಾಸಿಗೆ ವಿಜ್ಞಾನ ಕಲಿಸುತ್ತೇನೆ. ನಮ್ಮ ಸುಮಾರು ಮಕ್ಕಳ ಮನೆಯಲ್ಲಿ ಗಜನಿ ಗದ್ದೆ, ಅಂದರೆ ಉಪ್ಪುನೀರು ನುಗ್ಗುವ ಕರಾವಳಿ ಗದ್ದೆ ಇದೆ. ಕಗ್ಗ ಭತ್ತ ಉಪ್ಪುನೀರು ತಡೆಯುತ್ತದೆ ಅಂತ ಊರೆಲ್ಲ ಹೇಳುತ್ತದೆ. ಸರಿ, ನಾವೇ ನೋಡೋಣ ಅಂತ ಪ್ರಾಜೆಕ್ಟಿಗೆ ತೆಗೆದುಕೊಂಡಿದ್ದೇವೆ. ಕಗ್ಗದ 20 ಕಾಳು ಒಂದು ಬಟ್ಟಲಲ್ಲಿ, ಜಯಾ ಅನ್ನುವ ಇನ್ನೊಂದು ಭತ್ತದ ತಳಿಯ 20 ಕಾಳು ಇನ್ನೊಂದರಲ್ಲಿ. ಎರಡಕ್ಕೂ ಉಪ್ಪುನೀರು. ಎಷ್ಟು ಮೊಳಕೆ ಬಂತು ಅಂತ ಎಣಿಸುವುದು.

ತೊಂದರೆ ಏನಂದರೆ, ಮಕ್ಕಳಿಗೆ ಸರಾಸರಿ, ಮಧ್ಯಾಂಕ, ಚೂರು ಸಂಭವನೀಯತೆ ಗೊತ್ತು, ಅಷ್ಟೇ. ಎರಡು ಕಾಳು ಜಾಸ್ತಿ ಮೊಳೆತರೂ "ಸಾಬೀತಾಯ್ತು ಅಕ್ಕೋರೇ" ಅಂತಾರೆ. ಮೊನ್ನೆ ಎರಡು ಸರಾಸರಿ ಹೋಲಿಸುವ ಟಿ-ಟೆಸ್ಟ್ ಸೂತ್ರ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚು ಪೂರ್ತಿ ನಿದ್ದೆಗೆ ಹೋಯಿತು.

ಉತ್ತರ – ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ, ಕಾರವಾರ

ಅಕ್ಕೋರೇ, ಹಿಂದಿನ ಬೆಂಚಿನದ್ದೇನೂ ತಪ್ಪಿಲ್ಲ. ಟಿ-ಟೆಸ್ಟ್ ಇಲ್ಲಿಗೆ ಸಲ್ಲುವುದೂ ಇಲ್ಲ. ಅದು ಉದ್ದ, ತೂಕದಂಥ ಅಳತೆಗೆ. ನಿಮ್ಮದು ಮೊಳೆಯಿತು, ಮೊಳೆಯಲಿಲ್ಲ ಅನ್ನುವ ಎಣಿಕೆ. ಸೂತ್ರ ಒರೆಸಿಬಿಡಿ. ಒಂದು ಚೀಲ, 40 ಹುಣಸೆಬೀಜ ತನ್ನಿ.

ಲೆಕ್ಕ ತೋರಿಸಲಿಕ್ಕೆ ನಾನೇ ಒಂದು ಅಂಕಿ ಇಟ್ಟುಕೊಳ್ಳುತ್ತೇನೆ. ಕಗ್ಗದಲ್ಲಿ 16 ಮೊಳೆತವು, ಜಯಾದಲ್ಲಿ 9. ಒಟ್ಟು 25. ಮೊಳೆಯದೆ ಕೂತದ್ದು 15. ಈಗ ಮಕ್ಕಳಿಗೆ ಹೀಗೆ ಹೇಳಿ: "ಕಗ್ಗ, ಜಯಾ ಅಂತ ಭೇದವೇ ಇಲ್ಲ ಅಂದುಕೊಳ್ಳಿ. ಆ 25 ಕಾಳು ಯಾವ ಬಟ್ಟಲಲ್ಲಿದ್ದರೂ ಮೊಳೆಯುತ್ತಿದ್ದವು, ಈ 15 ಎಲ್ಲಿದ್ದರೂ ಮೊಳೆಯುತ್ತಿರಲಿಲ್ಲ. ಕಗ್ಗದ ಬಟ್ಟಲಿಗೆ 16 ಸಿಕ್ಕಿದ್ದು ಸುಮ್ನೆ ಅದೃಷ್ಟ." ಇದೇ ನಲ್ ಹೈಪಾಥಿಸಿಸ್. ಹೆಸರು ಆಮೇಲೆ ಹೇಳಿದರಾಯಿತು.

ಆ ಅದೃಷ್ಟ ಎಷ್ಟು ದೊಡ್ಡದು ಅಂತ ಕೈಯಾರೆ ನೋಡಬೇಕು. 15 ಬೀಜಕ್ಕೆ ಸುಣ್ಣ ಹಚ್ಚಿ, ಅವು ಮೊಳೆಯದ ಕಾಳು; ಎಲ್ಲ ಚೀಲಕ್ಕೆ ಹಾಕಿ ಚೆನ್ನಾಗಿ ಕಲಸಿ. ಒಂದು ಮಗು ನೋಡದೆ 20 ಬೀಜ ತೆಗೆಯಲಿ, ಅದು ಕಗ್ಗದ ಬಟ್ಟಲು. ಅದರಲ್ಲಿ ಸುಣ್ಣ ಇಲ್ಲದ್ದು ಎಷ್ಟು? ಬೋರ್ಡಿನಲ್ಲಿ ಆ ಸಂಖ್ಯೆಯ ಮೇಲೆ ಒಂದು ಚುಕ್ಕೆ. ಬೀಜ ವಾಪಸ್ ಹಾಕಿ ಮತ್ತೆ ಕಲಸಬೇಕು. 40 ಮಕ್ಕಳು ಹತ್ತತ್ತು ಸಲ ಮಾಡಿದರೆ 400 ಚುಕ್ಕೆ. 12, 13ರ ಮೇಲೆ ರಾಶಿ ಬೀಳುತ್ತದೆ, ಎರಡೂ ಕಡೆಗೆ ಇಳಿಯುತ್ತ ಹೋಗುತ್ತದೆ. 16 ಅಥವಾ ಅದಕ್ಕಿಂತ ಜಾಸ್ತಿ ಬರುವುದು 400ರಲ್ಲಿ ಸುಮಾರು 10 ಸಲ. ಕೂತು ಲೆಕ್ಕ ಹಾಕಿದರೆ 2.4%. ಅದೇ ಪಿ-ವ್ಯಾಲ್ಯೂ. ಭೇದ ಇಲ್ಲ ಅಂತ ಇಟ್ಟುಕೊಂಡರೂ ಇಷ್ಟು ದೊಡ್ಡ ಅಂತರ ಎಷ್ಟು ಸಲ ಬಂದೀತು ಅನ್ನುವುದು. "ಭೇದ ಇಲ್ಲ ಅನ್ನುವುದು ನಿಜವಾಗಿರುವ ಸಾಧ್ಯತೆ" ಅಂತ ಮಾತ್ರ ಹೇಳಬೇಡಿ. ಡಿಗ್ರಿ ಮಕ್ಕಳೂ ಅಲ್ಲೇ ಜಾರುವುದು.

ಪ್ರಶ್ನೆ – ಅದೇ ಶಿಕ್ಷಕಿ

ಇದು ಅರ್ಥವಾಯಿತು ಸರ್. ಜಯಾದಲ್ಲೇ ಜಾಸ್ತಿ ಮೊಳೆತರೆ? ಮತ್ತೆ ಪಿ-ವ್ಯಾಲ್ಯೂ 5%ಗಿಂತ ಕೆಳಗಿದ್ದರೆ ಮಾತ್ರ ಲೆಕ್ಕಕ್ಕೆ ಅನ್ನುತ್ತಾರಲ್ಲ, ಆ 5% ಗೆರೆ ಯಾಕೆ?

ಉತ್ತರ

ಯಾವ ಕಡೆಗೆ ವಾಲಿದರೂ ಆಶ್ಚರ್ಯ ಅನ್ನುವುದಾದರೆ ಎರಡೂ ತುದಿ ಎಣಿಸಬೇಕು. ಆಗ ನಮ್ಮ 2.4% ಎರಡರಷ್ಟಾಗಿ 4.8% ಆಗುತ್ತದೆ. ಒಂದು ತುದಿಯೋ ಎರಡೋ ಅನ್ನುವುದನ್ನು ಬಟ್ಟಲಿನ ಮುಚ್ಚಳ ತೆಗೆಯುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆಸಿ, ಸಹಿ ಹಾಕಿಸಿ. ಮೊಳಕೆ ನೋಡಿದ ಮೇಲೆ ತೀರ್ಮಾನಿಸಿದರೆ ಅದು ಮೋಸ.

5% ಅನ್ನುವುದು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರಲ್ಲಿ ಅನುಕೂಲಕ್ಕೆ ಅಂತ ಹೇಳಿದ ಗೆರೆ, ಪ್ರಕೃತಿ ಹಾಕಿದ್ದಲ್ಲ. ಕಗ್ಗದಲ್ಲಿ 16ರ ಬದಲು 15 ಮೊಳೆತಿದ್ದರೆ ಏನಾಗುತ್ತಿತ್ತು, ಲೆಕ್ಕ ಹಾಕಿ ನೋಡಿ. 4.8% ಇದ್ದದ್ದು 10.5% ಆಗುತ್ತದೆ. ಒಂದೇ ಒಂದು ಕಾಳು! ಇದನ್ನು ಮಕ್ಕಳಿಂದಲೇ ಮಾಡಿಸಿ. "ಸಾಬೀತಾಯ್ತು" ಅನ್ನುವ ಮಾತು ತಾನಾಗಿ ನಿಲ್ಲುತ್ತದೆ.

ನನ್ನ ನಿಜವಾದ ತಕರಾರು ಬೇರೆ ಇದೆ. ನೀವು ಇಡುವುದು ಎರಡೇ ಬಟ್ಟಲು. ಜಯಾದ ಬಟ್ಟಲು ಕಿಟಕಿ ಪಕ್ಕ ಕೂತು ನೀರು ಬೇಗ ಆರಿದರೆ, ಅಥವಾ ಅದಕ್ಕೆ ಬೂಸ್ಟು ಹಿಡಿದರೆ, 20 ಕಾಳೂ ಒಟ್ಟಿಗೆ ಹೋದವು. ಆಗ ನೀವು ಅಳೆದದ್ದು ತಳಿಯನ್ನಲ್ಲ, ಬಟ್ಟಲನ್ನು. ಕಾರವಾರ ಮೀನುಪೇಟೆಯಲ್ಲಿ ಒಂದೇ ದೋಣಿಯ 50 ಬಂಗಡೆ ಅಳೆದು "ಈ ತಿಂಗಳ ಬಂಗಡೆ ಸಣ್ಣದು" ಅಂದ ಹಾಗೆ.

ಅದಕ್ಕೇ 8 ಬಟ್ಟಲು ಇಡಿ, ನಾಲ್ಕು ಕಗ್ಗ, ನಾಲ್ಕು ಜಯಾ, ಒಂದೊಂದರಲ್ಲಿ ಹತ್ತು ಕಾಳು. ಯಾವುದು ಎಲ್ಲಿ ಕೂರಬೇಕು ಅಂತ ಚೀಟಿ ಎತ್ತಿ. ಎಣಿಸುವ ಮಗುವಿಗೆ ಯಾವುದು ಯಾವ ಭತ್ತ ಅಂತ ಗೊತ್ತಿರಬಾರದು, ಬಟ್ಟಲಿಗೆ ಬರೀ ನಂಬರ್. ಆಮೇಲೆ ಕಾಳಿನ ಬದಲು ಬಟ್ಟಲುಗಳನ್ನೇ ಕಲಸುವುದು, ಅಂದರೆ ಎಂಟರಲ್ಲಿ ಯಾವ ನಾಲ್ಕಕ್ಕೆ ಕಗ್ಗದ ಹೆಸರು ಅಂತ ಬದಲಿಸಿ ನೋಡುವುದು. ಎಂಟರಲ್ಲಿ ನಾಲ್ಕನ್ನು 70 ರೀತಿಯಲ್ಲಿ ಆರಿಸಬಹುದು. ಕಗ್ಗದ ನಾಲ್ಕೂ ಬಟ್ಟಲು ಜಯಾದ ಎಲ್ಲ ಬಟ್ಟಲಿಗಿಂತ ಮುಂದಿದ್ದರೆ, ಅದು ಬರೀ ಅದೃಷ್ಟದಿಂದ ಆಗುವುದು 70ಕ್ಕೆ ಒಂದು ಸಲ. ಮೂರು ಮೂರು ಇಟ್ಟರೆ 20 ರೀತಿ ಮಾತ್ರ. ಎಷ್ಟೇ ಚೆನ್ನಾಗಿ ಮೊಳೆತರೂ 5%ಗಿಂತ ಕೆಳಗಿಳಿಯಲಿಕ್ಕೆ ಆಗುವುದಿಲ್ಲ.

ಈ 70 ಹಳೇ ಲೆಕ್ಕ. ಹಾಲು ಮೊದಲು ಹಾಕಿದ್ದೋ ಚಹಾ ಮೊದಲು ಹಾಕಿದ್ದೋ ಅಂತ ರುಚಿ ನೋಡಿಯೇ ಹೇಳುತ್ತೇನೆ ಅಂದ ಒಬ್ಬ ಹೆಂಗಸಿನ ಕತೆ ಇದೆಯಲ್ಲ, ಅಲ್ಲಿ ಫಿಶರ್ ಇಟ್ಟದ್ದೂ 8 ಕಪ್ಪು, ನಾಲ್ಕು ನಾಲ್ಕು. ತರಗತಿಯಲ್ಲಿ ಚಹಾ ಮಾಡಿಯೇ ಶುರು ಮಾಡಿ. ಯಾರೂ ಮಲಗುವುದಿಲ್ಲ.

ಉಪ್ಪಿನ ವಿಷಯ: ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದನ್ನೇ ಹೊಯ್ದರೆ ಎರಡೂ ಭತ್ತ ಮೊಳೆಯದೆ ಕೂತಾವು. ಮೊದಲು ಬೇರೆ ಬೇರೆ ಹದ ಮಾಡಿ ನೋಡಿ. ಸಿಹಿನೀರಿನದ್ದೂ ಒಂದು ಜೊತೆ ಇರಲಿ, ಬೀಜವೇ ಹಳತಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ – ಗಣಿತ ಶಿಕ್ಷಕ, ಶಿರಸಿ

ನಡುವೆ ಬಾಯಿ ಹಾಕುತ್ತೇನೆ. ಹತ್ತನೇ ಕ್ಲಾಸಿನಲ್ಲಿ ಹೇಗೂ ಬಟಾಣಿ ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಕೊಂಡ ಮೆಂಡೆಲ್ ಇದ್ದಾನೆ. ಅವನ ಬಟಾಣಿ ಸಾಲದೇ?

ಉತ್ತರ

ಧಾರಾಳವಾಗಿ ತಗೊಳ್ಳಿ ಮಾಸ್ತರೇ. 7324 ಬಟಾಣಿಯಲ್ಲಿ ಗುಂಡಗಿದ್ದದ್ದು 5474, ಸುಕ್ಕಾಗಿದ್ದದ್ದು 1850. ಗುಂಡಗಿನದು ಮೂರಕ್ಕೆ ಸುಕ್ಕಿನದು ಒಂದು ಅನ್ನುವ 3:1 ನಿಯಮದಂತೆ 5493, 1831 ಬರಬೇಕಿತ್ತು. ವ್ಯತ್ಯಾಸ 19. ಬಂದದ್ದಕ್ಕೂ ಬರಬೇಕಾದ್ದಕ್ಕೂ ಅಂತರ ಎಷ್ಟು ದೊಡ್ಡದು ಅಂತ ಅಳೆಯುವ ಕೈ-ಸ್ಕ್ವೇರ್ ಬರೀ 0.26, 5%ನ ಗೆರೆ 3.84. ಇಲ್ಲಿ ಪಾಠ ತಿರುಗುಮುರುಗು. ಅಂಕಿ ನಿಯಮಕ್ಕೆ ಎದುರು ಹೇಳುತ್ತಿಲ್ಲ, ಅಷ್ಟೇ. ಹಾಗಂತ ನಿಯಮ ಸಾಬೀತಾಗಲಿಲ್ಲ. ಮೆಂಡೆಲನ ಎಲ್ಲ ಅಂಕಿ ಒಟ್ಟಿಗೆ ಇಟ್ಟರೆ ತೀರಾ ಚಂದ ಹೊಂದುತ್ತದೆ ಅಂತ 1936ರಲ್ಲಿ ಇದೇ ಫಿಶರ್ ಅನುಮಾನ ಎತ್ತಿದ. ಜಾಣ ಮಕ್ಕಳಿಗೆ ಅದನ್ನೂ ಹೇಳಿ. ಆದರೆ ಮೊದಲು ಕಗ್ಗ, ಆಮೇಲೆ ಬಟಾಣಿ. ತಾವೇ ನೆನೆಹಾಕಿದ ಕಾಳಿನ ಮೇಲಿರುವ ಆಸೆ ಪುಸ್ತಕದ ಕಾಳಿನ ಮೇಲೆ ಇರುವುದಿಲ್ಲ.

ಶಿಕ್ಷಕಿ, ನಾಲ್ಕು ದಿನ ಬಿಟ್ಟು

ಸರ್, ಭತ್ತ ಇನ್ನೂ ನೆನೆಹಾಕಿಲ್ಲ, ಹುಣಸೆಬೀಜದ ಆಟ ಮಾಡಿದೆವು. ರಾಶಿ 12, 13ರ ಮೇಲೆ ಬೀಳಲಿಲ್ಲ, 15ರ ಹತ್ತಿರ ಬಿತ್ತು. ಆಮೇಲೆ ಒಬ್ಬಳು ಒಪ್ಪಿಕೊಂಡಳು: ಸುಣ್ಣ ಹಚ್ಚಿದ ಬೀಜ ದೊರಗು, ಕೈಗೆ ಗೊತ್ತಾಗುತ್ತದೆ, ಬಿಟ್ಟು ತೆಗೆದೆವು ಅಂತ. ಎಲ್ಲರಿಗೂ ಕಗ್ಗವೇ ಗೆಲ್ಲಬೇಕಂತೆ.

ಉತ್ತರ

ನನ್ನದೇ ತಪ್ಪು ಅಕ್ಕೋರೇ, ಸುಣ್ಣ ಅಂದದ್ದು ನಾನು. ಒಂದೇ ಅಳತೆಯ ಕಾಗದದ ಚೀಟಿ ಮಾಡಿ, ಎಲ್ಲವನ್ನೂ ಒಂದೇ ಥರ ಮಡಚಿಸಿ. ಆ 15ರ ರಾಶಿಯನ್ನು ಬೋರ್ಡಿನಿಂದ ಒರೆಸಬೇಡಿ. ಹೊಸ ರಾಶಿಯನ್ನು ಅದರ ಪಕ್ಕದಲ್ಲೇ ಬಿಡಿಸಿ.