ಒಂದು ಕುರ್ಚಿ, ಇಬ್ಬರು ಸಾಹೇಬರು

ಸೀನ ಬಂದವನೇ ಮೊಬೈಲ್ ಮುಂದೆ ಹಿಡಿದ. "ನೋಡ್ರೋ, ಮತ್ತೆ ಎತ್ತಂಗಡಿ!"

"ಈ ಜಾಗಕ್ಕೆ ಬಂದು ಎಷ್ಟಾಯ್ತು?" ಎಂದೆ.

"ಏಳು ತಿಂಗಳು. ಯಾವ ಫೈಲು ಯಾವ ಬೀರುವಿನಲ್ಲಿದೆ ಅಂತ ಈಗ ತಾನೇ ಗೊತ್ತಾಗಿತ್ತು."

ವಕೀಲ ರಾಘು ಆದೇಶ ಓದಿ ನಕ್ಕ. "'ಸಾರ್ವಜನಿಕ ಹಿತದೃಷ್ಟಿಯಿಂದ' ಅಂತೆ. ಯಾವ ಸಾರ್ವಜನಿಕರೋ?"

"ಒಬ್ಬನೇ ಸಾರ್ವಜನಿಕ. ನನ್ನ ಜಾಗಕ್ಕೆ ಬರುತ್ತಿರುವವನು. ಕೈಯಲ್ಲಿ ಮಂತ್ರಿಗಳ ಪತ್ರ ಇದೆ."

"ಹಾಗಾದ್ರೆ ಕೆಎಟಿಗೆ ಹೋಗು."

ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ ಅಂತ ಪೂರ್ತಿ ಹೆಸರು ಹೇಳಿದರೆ ಸರ್ಕಾರಿ ನೌಕರರೇ ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ಕೆಎಟಿ ಅಂದರೆ ಸಾಕು. 1986ರಿಂದ ವರ್ಗಾವಣೆ, ಬಡ್ತಿ, ಅಮಾನತು, ಪಿಂಚಣಿ, ಎಲ್ಲ ಗೋಳೂ ಮೊದಲು ಅಲ್ಲಿಗೇ.

"ಕೇಸು ಮಂತ್ರಿಗಳ ಮೇಲೇ ಹಾಕೋಣ!" ಸೀನ ತೋಳೇರಿಸಿದ.

"ಎದುರು ಪಾರ್ಟಿ ರಾಜ್ಯ ಸರ್ಕಾರ ಕಣೋ. ಅದರ ಪರವಾಗಿ ಇಲಾಖೆಯ ಕಾರ್ಯದರ್ಶಿ. ಮಂತ್ರಿಗೆ ದುರುದ್ದೇಶ ಇತ್ತು ಅಂತೀಯಾ? ಹೆಸರು ಹಾಕಿ ಅವರನ್ನೂ ಪಾರ್ಟಿ ಮಾಡಬೇಕು. ಸುಮ್ನೆ 'ರಾಜಕೀಯ ಒತ್ತಡ' ಅಂತ ಗೊಣಗಿದರೆ ನಡೆಯಲ್ಲ."

ಸೀನನ ತೋಳು ತಾನಾಗೇ ಇಳಿಯಿತು. "ಕಾರ್ಯದರ್ಶಿಗಳೇ ಇರಲಿ ಬಿಡು. ಒಳ್ಳೆಯವರು."

ಅಲ್ಲಿಯವರೆಗೆ ಸುಮ್ಮನಿದ್ದ ಗಿರಿಜಕ್ಕ ಬಾಯಿ ಬಿಟ್ಟರು. ನಿವೃತ್ತರು, ನೋಡದ ಫೈಲಿಲ್ಲ. "ಸ್ಟೇ ಸಿಕ್ಕ ಮೇಲೇ ಇರೋದು ಮಜಾ. ನಮ್ಮ ಆಫೀಸಲ್ಲಿ ಹೊಸಬರು ಬೆಳಿಗ್ಗೆ ಚಾರ್ಜ್ ತಗೊಂಡರು. ಮಧ್ಯಾಹ್ನ ಹಳಬರು ಸ್ಟೇ ಹಿಡಿದು ಬಂದರು. ಇವರು ಏಳಲ್ಲ, ಅವರು ಹೋಗಲ್ಲ. ಸಂದರ್ಶಕರ ಕುರ್ಚಿ ಎಳೆದು ಪಕ್ಕದಲ್ಲೇ ಕೂತರು. ಬೆಲ್ ಹೊಡೆದರೆ ನಮ್ಮ ಜವಾನ ಒಳಗೆ ಹೋಗಿ, ಗೋಡೆ ಕಡೆ ನೋಡಿಕೊಂಡು 'ಏನ್ ಸಾರ್?' ಅನ್ನುತ್ತಿದ್ದ."

"ಫೈಲಿಗೆ ಸಹಿ?"

"ಕುರ್ಚಿಗೆ ಇಬ್ಬರು, ಸಹಿಗೆ ಒಬ್ಬರೂ ಇಲ್ಲ. ಆಮೇಲೆ ತಪ್ಪಾದರೆ ತಲೆ ಯಾರದ್ದು?"

ರಾಘು ಗಂಭೀರನಾದ. "ಇನ್ನೊಂದು ವಿಷಯ. ಎದುರಿನವರ ಮಾತು ಕೇಳದೆ ಕೊಟ್ಟ ಸ್ಟೇ ಆದರೆ, ಮುಂದುವರಿಸದಿದ್ದರೆ 14 ದಿನಕ್ಕೆ ತಾನಾಗೇ ಬಿದ್ದುಹೋಗುತ್ತೆ. ಉಳಿಯಿತು ಅಂದ್ಕೋ, ಅವನು ಹೈಕೋರ್ಟಿಗೆ ಹೋಗ್ತಾನೆ. ಹಿಂದೆಲ್ಲ ಕೆಎಟಿಯಿಂದ ನೇರ ಸುಪ್ರೀಂ ಕೋರ್ಟೇ. 1997ರಲ್ಲಿ ಅವರೇ ಹೇಳಿದರು, ಮೊದಲು ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ಹೋಗಿ ಅಂತ."

"ಅಂದರೆ ಹತ್ತೋಕೆ ಇನ್ನೊಂದು ಮೆಟ್ಟಿಲು."

"ನನಗೆ ಇನ್ನೊಂದು ಫೀಸು," ಎಂದ ರಾಘು. ಅವನ ಪ್ರಾಮಾಣಿಕತೆ ನನಗೆ ಯಾವಾಗಲೂ ಇಷ್ಟ.

ಅಷ್ಟರಲ್ಲಿ ಸೀನನ ಫೋನು ಬಡಿದುಕೊಂಡಿತು. ಅವನ ಜಾಗಕ್ಕೆ ಬರಬೇಕಿದ್ದವನೇ! ಸೀನ ಎದ್ದು ಆ ಕಡೆ ಹೋದ. ಜಗಳ ಶುರುವಾಗುತ್ತೆ ಅಂತ ನಾವೆಲ್ಲ ಕಿವಿ ನೆಟ್ಟಗೆ ಮಾಡಿದೆವು. ಕೇಳಿಸಿದ್ದು ಬರೀ "ಅಯ್ಯೋ", "ಛೆ ಛೆ", "ಹೌದಾ ಸಾರ್?"

ವಾಪಸ್ ಬಂದ. ಮುಖದಲ್ಲಿ ವಿಚಿತ್ರ ಕಳೆ.

"ಅದೇ ಕುರ್ಚಿಗೆ ಇವತ್ತು ಮೂರನೆಯವನಿಗೆ ಆದೇಶ ಆಗಿದೆಯಂತೆ. ಅವನ ಪತ್ರ ಇನ್ನೂ ದೊಡ್ಡ ಮಂತ್ರಿಯದ್ದು." ರಾಘುವಿನ ಕಡೆ ತಿರುಗಿದ. "ಲೋ, ನಾವಿಬ್ಬರೂ ಸೇರಿ ಒಂದೇ ಅರ್ಜಿ ಹಾಕಬಹುದಾ? ಫೀಸು ಅರ್ಧ ಅರ್ಧ."